ಎಕಂಬಾದಿಂದ ಬಂದ ಆಮೆ

ನನಗೊಂದು ಚಟವಿದೆ. ಎಲೆ ಅಡಿಕೆಯದಲ್ಲ, ಚಹಾದ್ದೂ ಅಲ್ಲ. ಚಹಾದ ಚಟವೂ ಇದೆ, ಆದರೆ ಬೀದರಿನಲ್ಲಿ ಅದನ್ನು ಯಾರೂ ಚಟವೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ನನ್ನದು ಬಗ್ಗಿ ನೋಡುವ ಚಟ. ನೀರು ಎಲ್ಲೇ ನಿಂತಿರಲಿ, ಕುಡಿಯುವ ಮುಂಚೆ ನಾನು ಅದರೊಳಗೆ ಒಮ್ಮೆ ಇಣುಕಲೇಬೇಕು. ಮದುವೆ ಮನೆಯ ಡ್ರಮ್ಮಾದರೂ ಸರಿ, ಆಸ್ಪತ್ರೆಯ ಮೂಲೆಯಲ್ಲಿಟ್ಟ ಸ್ಟೀಲ್ ಫಿಲ್ಟರಾದರೂ ಸರಿ, ಮುಚ್ಚಳ ಎತ್ತಿ ಕುತ್ತಿಗೆ ಚಾಚದೆ ನನಗೆ ನೀರು ಗಂಟಲಲ್ಲಿ ಇಳಿಯುವುದಿಲ್ಲ.

ಸೊಸೆ ಸುನೀತಾ ಮೊದಮೊದಲು ನಗುತ್ತಿದ್ದಳು. ಆಮೇಲೆ ಮುಜುಗರಪಟ್ಟುಕೊಳ್ಳತೊಡಗಿದಳು. "ಅತ್ತಿ, ಮಂದಿ ಮನ್ಯಾಗ ಹಂಗ ಮುಚ್ಚಳ ತೆಗೀಬ್ಯಾಡ್ರಿ. ನಾವು ನಿಮಗ ಮನ್ಯಾಗ ಹೊಲಸು ನೀರು ಕುಡಿಸ್ತೀವಿ ಅನ್ಕೋತಾರ," ಎನ್ನುತ್ತಾಳೆ. ಅವಳ ಮಾತು ಖರೆ. ಆದರೆ ಕೈ ತಾನಾಗಿ ಮುಚ್ಚಳದ ಕಡೆ ಹೋಗುತ್ತದೆ, ಏನು ಮಾಡಲಿ?

ನಾವಿರುವುದು ನೌಬಾದದಲ್ಲಿ. ಇಲ್ಲಿ ನೆಲದೊಳಗೆ ಹಳೇ ಕಾಲದ ಸುರಂಗ ಬಾವಿಯೊಂದಿದೆ. ಮಗನ ಗೆಳೆಯರು ದೂರದಿಂದ ಬಂದಾಗ ಅವರಿಗೆ ತೋರಿಸಲು ಹೊರಟರು, ನಾನೂ ಹೊರಟೆ. ಎಲ್ಲರೂ ಕಲ್ಲು ನೋಡಿದರು, ಕಮಾನು ನೋಡಿದರು, ಬಾದಶಹರ ಕಾಲದ ಮಾತಾಡಿದರು. ನಾನು ಮಾತ್ರ ಮೇಲಿನ ಕಿಂಡಿಯೊಂದಕ್ಕೆ ಬಗ್ಗಿ ಒಳಗಿನ ಕತ್ತಲೆಯನ್ನೇ ನೋಡುತ್ತಿದ್ದೆ. ಕಾವಲಿನವನು ಓಡಿ ಬಂದು ನನ್ನ ರಟ್ಟೆ ಹಿಡಿದ. "ಆಯಿ, ಹಂಗ ಬಗ್ಗಬ್ಯಾಡ್ರಿ! ಬಿದ್ರಂದ್ರ ನನ್ನ ನೌಕ್ರಿ ಹೋಗ್ತದ್ರಿ!" ಅವನಿಗೆ ನನ್ನ ಜೀವಕ್ಕಿಂತ ನೌಕರಿಯ ಚಿಂತೆ ಹೆಚ್ಚಾಗಿದ್ದುದು ನನಗೆ ಸ್ವಲ್ಪವೂ ಬೇಸರ ತರಲಿಲ್ಲ. ಪ್ರಾಮಾಣಿಕ ಮನುಷ್ಯ.

ನಾನು ಏನು ಹುಡುಕುತ್ತೇನೆ ಎಂದು ಯಾರಿಗೂ ಹೇಳಿರಲಿಲ್ಲ. ನಿಮಗೆ ಹೇಳುತ್ತೇನೆ, ನಗಬೇಡಿ. ಆಮೆ ಹುಡುಕುತ್ತೇನೆ.

ನನ್ನ ತವರು ಭಾಲ್ಕಿ ತಾಲ್ಲೂಕಿನ ಭಾತಂಬ್ರಾ. ನಮ್ಮ ಓಣಿಯ ತುದಿಗೆ, ಬೇವಿನ ಮರದ ಬುಡಕ್ಕೆ, ಒಂದು ಮೆಟ್ಟಿಲ ಬಾವಿ ಇತ್ತು. ಹಗ್ಗವಿಲ್ಲ, ರಾಟೆಯಿಲ್ಲ. ಕರಿಕಲ್ಲಿನ ಮೆಟ್ಟಿಲು ಇಳಿದು ಹೋಗಿ, ಮೊಳಕಾಲವರೆಗೆ ನೀರಿನಲ್ಲಿ ನಿಂತು, ಕೊಡ ಅದ್ದಿ, ತುಂಬಿಕೊಂಡು ಬರುವುದು. ಆ ಬಾವಿಯಲ್ಲೊಂದು ಆಮೆ. ಓಣಿಯ ಕಾನೂನು ಏನೆಂದರೆ, ಮುಂಜಾನೆ ಆಮೆ ನೀರಿನ ಮೇಲೆ ತಲೆ ಎತ್ತುವ ತನಕ ಯಾರೂ ಕೊಡ ಅದ್ದುವ ಹಾಗಿಲ್ಲ. ಅದು ತಲೆ ಎತ್ತಿತು ಅಂದರೆ ನೀರು ಚೆನ್ನಾಗಿದೆ ಎಂದು ಅರ್ಥ. ಎತ್ತಲಿಲ್ಲ ಅಂದರೆ ಕಾಯಬೇಕು. ಬಿಸಿಲು ಬೇವಿನ ಬುಡಕ್ಕೆ ಬಂದರೂ ಎತ್ತಲಿಲ್ಲ ಅಂದರೆ ಹಿರಿಯರು ಇಳಿದು ನೀರು ಮೂಸಿ ನೋಡುತ್ತಿದ್ದರು. ಅಂಥ ದಿನ ನಾವು ಊರ ಆಚೆಯ ಬಸವಣ್ಣನ ಗುಡಿ ಬಾವಿಗೆ ಹೋಗುತ್ತಿದ್ದೆವು, ಅಲ್ಲಿಂದ ಬರುವಷ್ಟರಲ್ಲಿ ಹೆಂಗಸರ ಸೊಂಟ ಬಿದ್ದುಹೋಗುತ್ತಿತ್ತು.

ಈ ಕಾನೂನು ಹೈದರಾಬಾದಿನ ಸರ್ಕಾರಕ್ಕೆ ಗೊತ್ತಿರಲಿಲ್ಲ. ಹೊಲದ ಕಂದಾಯ ಅವರದು, ಬಾವಿಯ ನೀರು ನಮ್ಮದು. ಅವರು ಬಾವಿಯ ತಂಟೆಗೆ ಬಂದವರಲ್ಲ, ನಾವು ಅವರಿಗೆ ಆಮೆಯ ವಿಷಯ ಹೇಳಿದವರಲ್ಲ.

ಇನ್ನು ಆ ಆಮೆ ಎಲ್ಲಿಂದ ಬಂತು ಎನ್ನುವುದನ್ನು ಹೇಳದಿದ್ದರೆ ನಮ್ಮ ಆಯಿ ಮೇಲಿಂದಲೇ ನನಗೆ ಬಯ್ದಾಳು. ಆಯಿ ಅಂದರೆ ಅಪ್ಪನ ತಾಯಿ, ಕಾಶಮ್ಮ. ಅವಳ ತವರು ಔರಾದ ತಾಲ್ಲೂಕಿನ ಎಕಂಬಾ. ಅವಳು ಮದುವೆಯಾಗಿ ಬರುವ ಹೊತ್ತಿಗೆ ನಮ್ಮ ಓಣಿಯ ಬಾವಿಯ ಆಮೆ ಸತ್ತು, ನೀರಿನಲ್ಲಿ ಹುಳುಗಳು ತುಂಬಿಕೊಂಡಿದ್ದವಂತೆ. ಮದುವೆಯ ಮಾತುಕತೆಯಲ್ಲೇ ಗಂಡಿನ ಕಡೆಯವರು ಕೇಳಿದರಂತೆ, ನಿಮ್ಮ ಬಾವಿಯಲ್ಲಿ ಮರಿ ಇದ್ದರೆ ಒಂದು ಕೊಡಿ ಎಂದು. ಆಯಿಯ ಅಪ್ಪ ತಾಮ್ರದ ಕೊಡದಲ್ಲಿ ನೀರು ಹಾಕಿ, ಅಂಗೈಯಗಲದ ಮರಿಯೊಂದನ್ನು ಬಿಟ್ಟು, ಬಾಯಿಗೆ ಹಸಿ ಬಟ್ಟೆ ಕಟ್ಟಿ, ಮಗಳ ಮಗ್ಗುಲಿಗೆ ಗಾಡಿಯಲ್ಲಿಟ್ಟು ಕಳಿಸಿದ. ಹದಿವಯಸ್ಸಿನ ಮದುಮಗಳು ದಾರಿಯುದ್ದಕ್ಕೂ ಅಳುವುದನ್ನು ಬಿಟ್ಟು ಕೊಡದೊಳಗೆ ಇಣುಕುತ್ತ ಬಂದಳಂತೆ. ನನ್ನ ಚಟಕ್ಕೆ ವಂಶದ ಮೂಲವೂ ಇದೆ ಎಂದು ಇದರಿಂದ ತಿಳಿಯುತ್ತದೆ.

ನಮ್ಮ ಕಡೆ ಹೀಗೆ ಆಮೆ ಕೊಟ್ಟು ತಂದ ಬಾವಿಗಳು ಬೀಗರಾಗುತ್ತಿದ್ದವು. ಮನುಷ್ಯರ ಬೀಗತನದ ಹಾಗೇ, ಮರ್ಯಾದೆ ಮಾತ್ರ ಸ್ವಲ್ಪ ಹೆಚ್ಚು. ಬೇಸಿಗೆಯಲ್ಲಿ ಭಾತಂಬ್ರಾದ ಬಾವಿಯ ಹೂಳು ತೆಗೆಯುವಾಗ ಎಕಂಬಾದವರು ಬುಟ್ಟಿ ಹಿಡಿದು ಬರಬೇಕು. ಅಲ್ಲಿ ತೆಗೆಯುವಾಗ ನಾವು ಹೋಗಬೇಕು. ಕರೆಯದಿದ್ದರೆ ಸಿಟ್ಟು, ಬರದಿದ್ದರೆ ಇನ್ನೂ ಸಿಟ್ಟು.

ಆಯಿ ಒಬ್ಬಳೇ ಮಗಳು. ಅಪ್ಪ ಅವ್ವ ತೀರಿಕೊಂಡ ಮೇಲೆ ಎಕಂಬಾದ ಮನೆಯೂ ಕುಸಿಯಿತು. ಪಂಚಮಿಗೆ ಓಣಿಯ ಎಲ್ಲ ಹೆಂಗಸರನ್ನು ಅಣ್ಣತಮ್ಮಂದಿರು ಬಂದು ಕರೆದೊಯ್ಯುವಾಗ ಆಯಿಯನ್ನು ಕರೆಯಲು ಯಾರಿದ್ದರು? ಅವಳು ಹೊಸ ಸೀರೆ ಉಟ್ಟು, ಜೋಳದ ಅರಳು ಸೆರಗಿನಲ್ಲಿ ಕಟ್ಟಿಕೊಂಡು, ಬಾವಿಯ ಕೊನೆಯ ಮೆಟ್ಟಿಲಿನ ಮೇಲೆ ಹೋಗಿ ಕೂಡುತ್ತಿದ್ದಳು. ಅರಳು ಒಂದೊಂದಾಗಿ ನೀರಿಗೆ ಬಿಡುತ್ತಿದ್ದಳು. ಆಮೆ ಬಂದು ತಿನ್ನುತ್ತಿತ್ತು. "ನನ್ನ ತಮ್ಮ ಬಂದ ನೋಡು," ಎನ್ನುತ್ತಿದ್ದಳು ನನಗೆ. ನಾನು ಚಿಕ್ಕವಳು, ಅವನನ್ನು ಮಾವ ಅನ್ನಬೇಕೋ ಮುತ್ಯಾ ಅನ್ನಬೇಕೋ ಎನ್ನುವ ಗೊಂದಲದಲ್ಲಿ ಬಹಳ ದಿನ ಕಳೆದೆ.

ಹೀಗಿರುವಾಗ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಸಾಲಿಯಲ್ಲಿ ಸಕ್ಕರೆ ಹಂಚಿದರು. ಮಾಸ್ತರರು ಇನ್ನುಮುಂದೆ ಎಲ್ಲ ಕನ್ನಡದಲ್ಲೇ ಎಂದು ಉರ್ದುವಿನಲ್ಲಿ ಹೇಳಿದರು. ನಾನು ಸಕ್ಕರೆ ನೆಕ್ಕುತ್ತ ಮನೆಗೆ ಬಂದು ಸುದ್ದಿ ಹೇಳಿದಾಗ ಆಯಿ ಬೀಸುಕಲ್ಲಿನ ಮುಂದೆ ಇದ್ದಳು.

"ಮೈಸೂರಿಗಿ ಸೇರ್ದಿವಿ ಅಂದ್ರ? ನಾನಂತೂ ಮುಂಜಾನಿಂದ ಇಲ್ಲೇ ಕುಂತೀನಿ. ಯಾವಾಗ ಸೇರ್ದೆ?" ಎಂದು ಕೇಳಿದಳು.

ಉತ್ತರ ಮುಂದಿನ ಬೇಸಿಗೆಗೆ ಜೀಪಿನಲ್ಲಿ ಬಂತು. ಆ ದಿನಗಳಲ್ಲಿ ನಮ್ಮ ಕಡೆ ನಾರುಹುಣ್ಣು ಎಂಬ ಬೇನೆ ಇತ್ತು. ಈಗಿನವರಿಗೆ ಅದು ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ಕಾಲಿನಲ್ಲಿ ಗುಳ್ಳೆ ಎದ್ದು ಒಡೆದು, ಅದರೊಳಗಿಂದ ದಾರದಂಥ ಉದ್ದನೆಯ ಹುಳು ಹೊರಬರುತ್ತಿತ್ತು. ಅದನ್ನು ಸಣ್ಣ ಕಡ್ಡಿಗೆ ಸುತ್ತಿ ದಿನಕ್ಕೆ ಇಷ್ಟಿಷ್ಟೇ ಎಳೆಯಬೇಕು. ಹರಿದರೆ ಕಾಲು ಬಾತು ತಿಂಗಳುಗಟ್ಟಲೆ ಹಾಸಿಗೆ. ಆ ಬೇಸಿಗೆ ಅದು ಹಿಡಿದದ್ದು ನಮ್ಮ ಶಿವರಾಜ ಕಾಕಾನನ್ನು, ಆಯಿಯ ಕಿರಿಯ ಮಗನನ್ನು. ಪಡಸಾಲೆಯಲ್ಲಿ ಕೌದಿಯ ಮೇಲೆ ಕಾಲು ಚಾಚಿ ಮಲಗಿರುತ್ತಿದ್ದ. ಕಡ್ಡಿ ತಿರುವುವಾಗ ಅವನು ಹಲ್ಲು ಕಚ್ಚುವುದನ್ನು ನೋಡಲಾಗದೆ ಆಯಿ ಗೋಡೆಯ ಕಡೆ ಮುಖ ಮಾಡುತ್ತಿದ್ದಳು.

ಈ ಬೇನೆಯ ಸಲುವಾಗಿಯೇ ಹೊಸ ಸರ್ಕಾರ ಒಬ್ಬ ಇನ್ಸ್‌ಪೆಕ್ಟರರನ್ನು ಹಳ್ಳಿಗಳಿಗೆ ಕಳಿಸಿತ್ತು. ಮೈಸೂರು ಕಡೆಯ ತರುಣ. ತಲೆಗೆ ಹ್ಯಾಟು. ಅವರ ಹೆಸರು ಹೇಳಲು ನಮ್ಮವರ ನಾಲಿಗೆ ಹೊರಳದೆ ಎಲ್ಲರೂ "ಹುಣ್ಣಿನ ಸಾಹೇಬ್ರು" ಎಂದೇ ಕರೆದರು. ಪಾಪ, ಅಷ್ಟು ಚೆಂದದ ಮನುಷ್ಯನಿಗೆ ಎಂಥ ಹೆಸರು!

ಸಾಹೇಬರು ನಮ್ಮ ಬಾವಿ ನೋಡಲು ಮುಂಜಾನೆಯೇ ಬಂದರು. ಜೊತೆಯವನು ಆಳ ನೋಡಲು ಹಗ್ಗಕ್ಕೆ ಕಲ್ಲು ಕಟ್ಟಿ ದಡಕ್ಕನೆ ನೀರಿಗೆ ಬಿಟ್ಟ. ಇನ್ನು ಆಮೆ ಮೇಲೆ ಬರುತ್ತದೆಯೇ? ತಳ ಸೇರಿತು. ಹೆಂಗಸರು ಖಾಲಿ ಕೊಡ ಹಿಡಿದು ಮೆಟ್ಟಿಲ ತುಂಬ ನಿಂತರು. ಸಾಹೇಬರು ಬೇವಿನ ನೆರಳಲ್ಲಿ ನಿಂತರು. ಪ್ಯಾಂಟು ಹಾಕಿದ ಪರ ಊರ ಗಂಡಸಿನ ಮುಂದೆ ನಮ್ಮ ಹೆಂಗಸರು ಬಾಯಿ ಬಿಡುವವರಲ್ಲ, ಸೆರಗು ಹಲ್ಲಿನಲ್ಲಿ ಕಚ್ಚಿಕೊಂಡು ಸುಮ್ಮನೆ ನಿಂತರು. ಸಾಹೇಬರೂ ಸುಮ್ಮನೆ ನಿಂತರು. ಬಹಳ ಹೊತ್ತು ನಿಂತರು. ಬಿಸಿಲೇರಿತು. ಕೊನೆಗೆ ಅವರು ಕೈಗಡಿಯಾರ ನೋಡಿಕೊಂಡು ಜೀಪು ಹತ್ತಿ ಹೋದರು. ಜೀಪು ಓಣಿಯ ತಿರುವು ದಾಟಿತೋ ಇಲ್ಲವೋ, ಆಮೆ ಏನೂ ಆಗದವರ ಹಾಗೆ ತಲೆ ಎತ್ತಿತು. ಕೊಡಗಳು ಗುಳುಗುಳು ತುಂಬಿದವು.

"ಭಾಳ ಸಮಾಧಾನದ ಮನಷ್ಯಾ ನೋಡ್ರಿ," ಎಂದಳು ಆಯಿ ಎಲ್ಲರೆದುರು. "ಅಷ್ಟು ದೊಡ್ಡ ಸಾಹೇಬ ಇದ್ದು ನಮ್ಮ ಸಂಗಟ ಬಿಸಲಾಗ ಕಾಯ್ಕೋತ ನಿಂತ. ಆಮಿ ಕಾಯೂದು ಮೈಸೂರಾಗೂ ಅದ ಅಂತ ಕಾಣಸ್ತದ."

ಅವತ್ತು ಸಂಜೆ ಅಪ್ಪ ಚಾವಡಿಯಿಂದ ಮುಖ ಇಳಿಬಿಟ್ಟುಕೊಂಡು ಬಂದ. ಸಾಹೇಬರು ಪಾಟೀಲರಿಗೆ ಹೇಳಿ ಹೋಗಿದ್ದರಂತೆ: ಆ ಓಣಿಯ ಬಾವಿಯನ್ನು ಯಾರೂ ಬಳಸುತ್ತಿಲ್ಲ, ನಾನೇ ಕಣ್ಣಾರೆ ನೋಡಿದೆ, ಹೆಂಗಸರು ಕೊಡ ಹಿಡಿದು ಬಂದರೂ ಹನಿ ನೀರು ಮುಟ್ಟಲಿಲ್ಲ. ಮೆಟ್ಟಿಲ ಬಾವಿಯಿಂದಲೇ ಈ ಹುಣ್ಣು ಹರಡುವುದು. ಬಳಕೆಯಲ್ಲಿಲ್ಲದ ಬಾವಿ ಇಟ್ಟುಕೊಂಡು ಏನು ಮಾಡುತ್ತೀರಿ? ಮಣ್ಣು ತುಂಬಿ ಮುಚ್ಚಿಸಿ, ಗುಡಿ ಬಾವಿ ಸಾಕು.

ಮೊದಲು ಮಾತಾಡಿದವನು ಹಾಸಿಗೆಯಲ್ಲಿದ್ದ ಕಾಕಾ.

"ಮುಚ್ಚಲಿ ಬಿಡವ್ವಾ. ಸಾಹೇಬ್ರು ಹೇಳೂದು ಖರೆ ಇರಬೇಕು. ಹುಣ್ಣಾದ ಕಾಲು ನೀರಾಗ ಇಟ್ರ ಹುಳದ ಮರಿ ನೀರಿಗಿ ಬೀಳ್ತಾವಂತ. ಅದೇ ನೀರು ನಾವು ಕುಡೀತೀವಿ. ನನಗ ಆಗಿದ್ದು ನಾಳಿ ಈ ಹುಡುಗಿಗೂ ಆಗ್ತದ."

ಈ ಹುಡುಗಿ ಅಂದರೆ ನಾನು. ಆಯಿ ನನ್ನ ಕಾಲು ನೋಡಿದಳು, ಅವನ ಕಾಲು ನೋಡಿದಳು. "ನಿನ್ನ ಕಾಲೂ ಉಳೀಬೇಕು, ನನ್ನ ತಮ್ಮನೂ ಉಳೀಬೇಕು," ಎಂದಳು. "ಎರಡರಾಗ ಒಂದು ಹಿಡಿ ಅಂದ್ರ ನಾ ಯಾವುದು ಹಿಡೀಲಿ, ನೀನೇ ಹೇಳಪ್ಪಾ." ಆ ರಾತ್ರಿ ಅವಳು ರೊಟ್ಟಿ ಮುಟ್ಟಲಿಲ್ಲ. ನನಗೂ ಅಳು ಬಂದಿತ್ತು. ನೀರಿನೊಳಗಿರುವ ಒಂದು ಜೀವದ ಮೇಲೆ ಗಾಡಿಗಟ್ಟಲೆ ಮಣ್ಣು ಸುರಿಯುವುದನ್ನು ಕಣ್ಣಮುಂದೆ ತಂದುಕೊಂಡು ಕೌದಿಯೊಳಗೆ ಮುದುಡಿ ಮಲಗಿದೆ.

ಊರಿನ ಸುದ್ದಿ ಡಂಗುರ ಸಾರುತ್ತಿದ್ದವನು ಮಾರುತಿ. ಅವನ ಮನೆಯವರು ಹಳ್ಳದಾಚೆಯ ಕೇರಿಯವರು. ಆ ಕಾಲದಲ್ಲಿ ಅವರು ನಮ್ಮ ಬಾವಿಯ ಮೆಟ್ಟಿಲು ಇಳಿಯುವ ಹಾಗಿರಲಿಲ್ಲ. ಮೇಲೆ ನಿಂತಿರಬೇಕು, ಯಾರಾದರೂ ಮನಸ್ಸು ಬಂದು ನೀರು ಹೊಯ್ದರೆ ಹಿಡಿದುಕೊಳ್ಳಬೇಕು. ಇದನ್ನು ಬರೆಯುವಾಗ ನನಗೆ ಈಗಲೂ ನಾಚಿಕೆಯಾಗುತ್ತದೆ, ಆದರೆ ಇದ್ದದ್ದು ಹಾಗೆ. ಬಾವಿ ಮುಚ್ಚುವ ಸುದ್ದಿ ಸಾರಲು ಪಾಟೀಲರು ಕಳಿಸಿದ್ದು ಅವನನ್ನೇ. ಅವನು ಹಲಗೆ ಬಾರಿಸುತ್ತ ಓಣಿ ಓಣಿ ತಿರುಗಿ ಕೂಗಿದ್ದು ಇಷ್ಟು: "ಬರೂ ಸೋಮವಾರ ಮುಂಜಾನಿ ಎಲ್ಲಾರ ಗಾಡಿ ಬೇವಿನಗಿಡದ ಬಾವೀಗಿ ಬರಬೇಕ್ರಪ್ಪೋ!"

ಯಾಕೆ ಬರಬೇಕು ಎನ್ನುವುದನ್ನು ಅವನು ಹೇಳಲೇ ಇಲ್ಲ. ಊರಿನವರಿಗೆ ಯಾಕೆ ಅಂತ ಕೇಳುವ ಅಗತ್ಯವೇ ಇರಲಿಲ್ಲ. ಬೇಸಿಗೆ, ನೀರು ತಳ ಕಂಡ ಕಾಲ, ಗಾಡಿ ಬಾವಿಗೆ ಬರಬೇಕು ಅಂದರೆ ಹೂಳು ಹೊರಲಿಕ್ಕೆ. ಹುಟ್ಟಿದಾಗಿನಿಂದ ಅವರು ಕಂಡದ್ದು ಅದೊಂದೇ. ಬಾವಿಗೆ ಗಾಡಿಯಲ್ಲಿ ಮಣ್ಣು ತಂದು ಹಾಕುವುದೂ ಒಂದು ಕೆಲಸ ಎಂದು ಯಾರ ತಲೆಗೂ ಹೊಳೆಯುವಂತಿರಲಿಲ್ಲ.

ಆಯಿ ಬಾಗಿಲಿಗೆ ಬಂದು ಮಾರುತಿಯನ್ನು ನಿಲ್ಲಿಸಿದಳು. "ಮಾರುತಿ, ಗಾಡಿ ಯಾತಕ್ಕ ಅಂತ ನೀ ಹೇಳಲಿಲ್ಲಲ್ಲೋ?"

ಮಾರುತಿ ಹಲಗೆಯ ದಾರ ಸರಿಮಾಡಿಕೊಂಡ. "ಹೇಳಬೇಕಂತಲೇ ಹೊಂಟಿದ್ನವ್ವಾ. ಬಾವಿ ಮುಚ್ಚೂ ಮಾತು ಬಾಯಾಗ ಬರಲೇ ಇಲ್ಲ."

ಆಯಿ ಅವನ ಮುಖ ನೋಡಿದಳು. ಒಳಗೆ ಹೋಗಿ ಬೀಗರಿಗೆ ರೊಟ್ಟಿ ಬಡಿಯಲು ಜೋಳದ ಹಿಟ್ಟಿನ ಡಬ್ಬಿ ತೆರೆದಳು. ಔರಾದ ಸಂತೆಗೆ ಹೊರಟವರ ಕೈಯಲ್ಲಿ ಎಕಂಬಾಕ್ಕೆ ಮಾತು ಕಳಿಸಿದಳು: ಸೋಮವಾರ ಬಾವಿಗೆ ಬರ್ರಿ, ಬುಟ್ಟಿ ತರ್ರಿ. ಅವಳು ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ ಎನ್ನುವುದನ್ನು ನೀವು ಗಮನಿಸಬೇಕು.

ಸೋಮವಾರದ ಆ ಗದ್ದಲವನ್ನು ಹೇಗೆ ಹೇಳಲಿ! ಸೂರ್ಯ ಹುಟ್ಟುವ ಮುಂಚೆಯೇ ಬಂಡಿಗಳು ಸಾಲಾಗಿ ನಿಂತವು. ಎಕಂಬಾದ ಬೀಗರು ರುಮಾಲು ಸುತ್ತಿಕೊಂಡು ಬಂದಿಳಿದರು. ಗಂಡಸರು ನೀರು ಮೊಗೆದು ಹೊರಹಾಕಿದರು, ಕೆಸರಿನ ಬುಟ್ಟಿಗಳು ಕೈಯಿಂದ ಕೈಗೆ ಮೆಟ್ಟಿಲು ಹತ್ತಿದವು. ಮಾರುತಿಯೂ ಅವನ ಕೇರಿಯವರೂ ಕೆಸರಿನಲ್ಲಿದ್ದರು. ಕೆಸರು ಹೊರಲು ಮೆಟ್ಟಿಲು ಇಳಿಯಬಹುದಿತ್ತು, ನೀರು ಒಯ್ಯಲು ಮಾತ್ರ ಇಳಿಯಬಾರದಿತ್ತು, ಅಂಥ ನ್ಯಾಯ ನಮ್ಮದು. ಆಮೆಯನ್ನು ತಾಮ್ರದ ಹಂಡೆಯಲ್ಲಿ ನೀರು ಹಾಕಿ ಬೇವಿನ ನೆರಳಲ್ಲಿಟ್ಟಿದ್ದರು. ಆಯಿ ಅದರ ಪಕ್ಕ ಕೂತು ಬೀಸಣಿಗೆ ಬೀಸುತ್ತಿದ್ದಳು. ನೀರಿನಲ್ಲಿರುವ ಆಮೆಗೆ ಗಾಳಿ ಯಾಕೆ ಎಂದು ನಾನು ಕೇಳಿದ್ದಕ್ಕೆ ಒಂದು ಏಟು ಬಿತ್ತು. ಪಾಟೀಲರು ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಜಗಿಯುತ್ತಿದ್ದರು. ಅವರಿಗೆ ಎಲ್ಲ ಗೊತ್ತಿತ್ತು. ಬಾಯಿ ತುಂಬ ಎಲೆ ಇದ್ದುದರಿಂದ ಮಾತಾಡುವ ಅನುಕೂಲ ಇರಲಿಲ್ಲ.

ಬಾವಿ ಮುಚ್ಚಿದ್ದನ್ನು ನೋಡಿಕೊಂಡು ಹೋಗಲು ಸಾಹೇಬರು ಬಂದರು. ಜೀಪಿನಿಂದ ಇಳಿದವರು ಹಾಗೇ ನಿಂತುಬಿಟ್ಟರು. ಬಾವಿ ಮುಚ್ಚಿರಲಿಲ್ಲ, ಬಾಯಿ ಇನ್ನಷ್ಟು ಅಗಲವಾಗಿ ತೆರೆದಿತ್ತು. ತಳದ ಬಂಡೆಯ ಸಂದಿಯಿಂದ ಹೊಸ ನೀರು ಬುಳುಬುಳು ಏಳುತ್ತಿತ್ತು.

"ಏನ್ರೀ ಪಾಟೀಲರೇ ಇದು? ಈ ಬಾವಿಯನ್ನು ಯಾರೂ ಬಳಸ್ತಿಲ್ಲ ಅಂದುಕೊಂಡೆನಲ್ಲ! ಅವತ್ತು ನಾನು ಅಷ್ಟು ಹೊತ್ತು ನಿಂತಿದ್ದೆ, ಒಬ್ಬರೂ ನೀರು ತುಂಬಲಿಲ್ಲ!"

ಪಾಟೀಲರು ಉಗುಳಲು ಜಾಗ ಹುಡುಕುತ್ತಿದ್ದರು. ಆಯಿಯೇ ಎದ್ದಳು. ಸೆರಗು ಹಲ್ಲಿನಿಂದ ಬಿಡಿಸಿಕೊಂಡಳು. ಪರ ಊರ ಗಂಡಸಿನ ಮುಂದೆ ಅವಳು ಮಾತಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

"ನಾವು ಇದರ ಸಲುವಾಗಿ ನಿಂತಿದ್ವಿರಿ," ಎಂದು ಹಂಡೆ ತೋರಿಸಿದಳು. "ಇದು ತಲಿ ಎತ್ತದೆ ನಾವು ನೀರು ತುಂಬಂಗಿಲ್ಲ. ನಿಮ್ಮ ಆಳು ಕಲ್ಲು ಒಗದ, ಇದು ತಳಕ್ಕ ಹೋತು. ನೀವೂ ನಿಂತಿದ್ರಲ್ಲರಿ! ನೀವ್ಯಾಕ ನಿಂತಿದ್ರಿ?"

ಸಾಹೇಬರು ಹಂಡೆಯೊಳಗೆ ನೋಡಿದರು. ಆಮೆ ಅವರನ್ನು ನೋಡಿತು. "ನೀವು ಯಾಕೆ ತುಂಬುತ್ತಿಲ್ಲ ಅಂತ ನೋಡಲಿಕ್ಕೆ ನಿಂತಿದ್ದೆನಮ್ಮ," ಎಂದರು.

ಮೊದಲು ನಕ್ಕವನು ಎಕಂಬಾದ ಬೀಗ. ಆಮೇಲೆ ನಗು ಮೆಟ್ಟಿಲು ಮೆಟ್ಟಿಲಾಗಿ ತಳದವರೆಗೂ ಇಳಿಯಿತು, ಕೆಸರಿನಲ್ಲಿದ್ದವರು ಏನು ವಿಷಯ ಎಂದು ಕೇಳಿಕೊಂಡು ತಡವಾಗಿ ನಕ್ಕರು. ಸಾಹೇಬರೂ ಹ್ಯಾಟು ತೆಗೆದು ನಕ್ಕರು. ಅವರ ತಲೆಯಲ್ಲಿ ಕೂದಲು ಬಹಳ ಕಡಿಮೆ ಇದ್ದುದು ಆಗಲೇ ತಿಳಿದದ್ದು, ಅದರಿಂದ ಓಣಿಗೆ ಅವರ ಮೇಲೆ ಇನ್ನಷ್ಟು ಕರುಣೆ ಹುಟ್ಟಿತು.

ಆದರೆ ನಕ್ಕು ಹೋಗಿಬಿಡುವ ಮನುಷ್ಯ ಅವರಲ್ಲ. "ಬಾವಿ ಇರಲಿ. ಇಂಥ ನೀರನ್ನು ಮುಚ್ಚಿ ಅಂತ ನಾನು ಹೇಳಲ್ಲ. ಮೆಟ್ಟಿಲು ಮಾತ್ರ ಬೇಡ. ಯಾರ ಕಾಲೂ ನೀರಿಗೆ ತಾಗಕೂಡದು. ಮೆಟ್ಟಿಲಿಗೆ ಕಲ್ಲು ತುಂಬಿ, ಸುತ್ತ ಎದೆಮಟ್ಟದ ಕಟ್ಟೆ ಕಟ್ಟಿ, ರಾಟೆ ಹಾಕೋಣ. ಎಲ್ಲರೂ ಮೇಲಿಂದಲೇ ಸೇದಲಿ. ಬಟ್ಟೆಯಲ್ಲಿ ಸೋಸಿ ಕುಡಿಯಲಿ," ಎಂದರು.

ಆಯಿಯ ಮುಖ ಸಣ್ಣದಾಯಿತು. ಕೊನೆಯ ಮೆಟ್ಟಿಲು ಅವಳು ಪಂಚಮಿಗೆ ಕೂಡುವ ಜಾಗ. ಮೆಟ್ಟಿಲು ಹೋದರೆ ಅವಳು ತವರಿಗೆ ಹೋಗುವ ದಾರಿಯೇ ಹೋದಂತೆ. ಆಗ ಮನೆಯ ಕಡೆಯಿಂದ ಕೋಲು ಊರಿಕೊಂಡು, ಕಾಲಿನ ಕಡ್ಡಿಗೆ ಬಟ್ಟೆ ಸುತ್ತಿಕೊಂಡು, ಕಾಕಾ ಕುಂಟುತ್ತ ಬಂದ. ಬಾವಿಯ ಹೂಳು ತೆಗೆಯುವ ದಿನ ಅವನು ಮನೆಯಲ್ಲಿ ಮಲಗಿದ್ದು ಅದೇ ಮೊದಲ ವರ್ಷ, ಗದ್ದಲ ಕೇಳಿ ಇರಲಾಗದೆ ಬಂದಿದ್ದ. ಬಂದವನು ಹಂಡೆಯ ಪಕ್ಕ ಕಾಲು ಚಾಚಿ ಕೂತ.

ಆಯಿ ಆ ಕಾಲನ್ನು ನೋಡಿದಳು. ಆಮೇಲೆ ಬಗ್ಗಿ, ಎರಡು ಕೈಯಲ್ಲಿ ಹಿಡಿಯುವಷ್ಟು ದೊಡ್ಡ ಕಲ್ಲೊಂದನ್ನು ಎತ್ತಿಕೊಂಡು ಮೆಟ್ಟಿಲು ಇಳಿದಳು. ಕೊನೆಯ ಮೆಟ್ಟಿಲಿನ ಮೇಲೆ, ಸರಿಯಾಗಿ ತಾನು ಕೂಡುತ್ತಿದ್ದ ಜಾಗದಲ್ಲಿ, ಆ ಕಲ್ಲನ್ನಿಟ್ಟಳು. "ಇನ್ನ ನೀವು ತುಂಬ್ರಿ," ಎಂದು ಹೇಳಿ ಹತ್ತಿ ಬಂದಳು. ನನಗೆ ಆಗ ಅದರ ಭಾರ ತಿಳಿಯಲಿಲ್ಲ. ಈಗ ತಿಳಿಯುತ್ತದೆ.

ಕಟ್ಟೆ ಏಳುವವರೆಗೆ ಆಮೆ ನಮ್ಮ ಮನೆಯಲ್ಲಿತ್ತು. ಹಂಡೆಯಲ್ಲಿ ಬೇಸರವಾದರೆ ಅಂಗಳದಲ್ಲಿ ತಿರುಗಾಡುತ್ತಿತ್ತು. ಕಾಕಾನ ಕೌದಿಯ ಅಂಚು ಅದಕ್ಕೆ ಬಹಳ ಇಷ್ಟವಾಗಿತ್ತು. ತವರಿನವರು ಬಂದು ಬಹಳ ದಿನ ಉಳಿದರೆ ಅತ್ತೆಮನೆಯವರಿಗೆ ಆಗುವ ಕಿರಿಕಿರಿ ನಮ್ಮ ಅವ್ವನಿಗೂ ಆಯಿತು. "ನಿಮ್ಮ ತಮ್ಮ ನನ್ನ ಅಡಗಿ ಮನ್ಯಾಗ ಬಂದಾರ್ರಿ ಅತ್ತಿ, ಕರಕೊಂಡು ಹೋಗ್ರಿ," ಎಂದು ಕೂಗುತ್ತಿದ್ದಳು. ಅಷ್ಟರಲ್ಲಿ ಕಾಕಾನ ಹುಳು ಪೂರ್ತಿ ಹೊರಬಂತು. ಹರಿಯಲಿಲ್ಲ. ಅವನು ಎದ್ದು ಅಂಗಳದವರೆಗೆ ಕೋಲಿಲ್ಲದೆ ನಡೆದ ದಿನ ಆಯಿ ದೇವರಿಗೊಂದು, ಆಮೆಗೊಂದು ಬೆಲ್ಲದ ಚೂರು ಇಟ್ಟಳು. ದೇವರು ಮುಟ್ಟಲಿಲ್ಲ, ಆಮೆಯೂ ಮುಟ್ಟಲಿಲ್ಲ. ಎರಡನ್ನೂ ನಾನು ತಿಂದೆ.

ಮೊದಲ ಮಳೆ ಬೀಳುವ ಹೊತ್ತಿಗೆ ಕಟ್ಟೆ ಮುಗಿಯಿತು. ಒಂದು ಸಂಜೆ ಆಮೆಯನ್ನು ಬುಟ್ಟಿಯಲ್ಲಿಟ್ಟು ಹಗ್ಗದಿಂದ ನಿಧಾನವಾಗಿ ಕೆಳಗಿಳಿಸಿದರು. ಮರುದಿನ ಮುಂಜಾನೆ ಹೊಸ ರಾಟೆಯ ಮುಂದೆ ಇಡೀ ಓಣಿ ಸೇರಿತ್ತು. ಹುಣ್ಣಿನ ಸಾಹೇಬರೂ ಬಂದಿದ್ದರು. ಈ ಸಲ ಅವರ ಆಳು ಕಲ್ಲು ತಂದಿರಲಿಲ್ಲ.

ಎಲ್ಲರೂ ಕಟ್ಟೆಗೆ ಎದೆ ಒತ್ತಿ ಬಗ್ಗಿ ನೋಡಿದೆವು. ನನಗೆ ಎತ್ತರ ಸಾಲದೆ ಕಾಕಾ ನನ್ನನ್ನು ಎತ್ತಿ ಹಿಡಿದಿದ್ದ. ಕೆಳಗೆ ನೀರು ಕರ್ರಗೆ, ಅಲುಗಾಡದೆ ನಿಂತಿತ್ತು. ಮುಂಚೆಯಾದರೆ ಮೆಟ್ಟಿಲಿಳಿದು ಹತ್ತಿರದಿಂದ ನೋಡುತ್ತಿದ್ದೆವು, ಈಗ ಎಲ್ಲವೂ ದೂರ. ಬಿಸಿಲೇರಿತು. ಆಮೆ ಬರಲಿಲ್ಲ. ಯಾರೋ ಪಿಸುಗುಟ್ಟಿದರು, ಇಷ್ಟು ದಿನ ನೆಲದ ಮೇಲೆ ಇಟ್ಟಿದ್ದು ತಪ್ಪಾಯ್ತೇನೋ ಎಂದು. ಇನ್ನಾರೋ, ಹೊಸ ಕಲ್ಲಿನ ಸುಣ್ಣ ನೀರಿಗೆ ಬಿದ್ದಿರಬೇಕು ಎಂದರು. ಆಯಿ ಮಾತ್ರ ಕಣ್ಣು ಮಿಟುಕಿಸದೆ ಬಗ್ಗಿದ್ದಳು.

ಸಾಹೇಬರು ಅವಳ ಪಕ್ಕದಲ್ಲೇ ಇದ್ದರು. ಈ ಸಲ ಕೈಗಡಿಯಾರ ನೋಡಲಿಲ್ಲ. ಅವಳಿಗಿಂತ ಹೆಚ್ಚೇ ಬಗ್ಗಿದ್ದರು. ಎಷ್ಟು ಬಗ್ಗಿದರೆಂದರೆ, ಹ್ಯಾಟು ತಲೆಯಿಂದ ಜಾರಿ ತಿರುಗುತ್ತ ತಿರುಗುತ್ತ ಹೋಗಿ ನೀರಿನ ಮೇಲೆ ಬಿತ್ತು. ಎಲ್ಲರೂ ಹಾ ಎಂದೆವು. ಹ್ಯಾಟು ತೇಲಿತು. ಅದರ ಪಕ್ಕದಲ್ಲಿ ನೀರು ಒಂದಿಷ್ಟು ಉಬ್ಬಿತು. ಇದೇನು ಹೊಸ ಪ್ರಾಣಿ ಬಂತು ಎಂದು ನೋಡುವವರ ಹಾಗೆ ಒಂದು ಪುಟ್ಟ ತಲೆ ಮೇಲೆದ್ದಿತು.

"ಬಂತು! ಬಂತಮ್ಮಾ, ಬಂತು!" ಎಂದು ಕೂಗಿದವರು ಸಾಹೇಬರು. ಎಷ್ಟು ಜೋರಾಗಿ ಕೂಗಿದರೆಂದರೆ ಆಮೆ ಮತ್ತೆ ಮುಳುಗಿತು.

ಆಯಿ ಸೆರಗಿನಿಂದ ಮುಖ ಒರೆಸಿಕೊಂಡಳು. ಬೆವರೋ, ಮತ್ತೇನೋ. ಮೊದಲ ಕೊಡ ಅವಳೇ ಸೇದಿದಳು. ತಂಬಿಗೆಯ ಬಾಯಿಗೆ ಮಡಿಬಟ್ಟೆಯನ್ನು ಎರಡು ಮಡಿಕೆ ಮಾಡಿ ಹಿಡಿದು, ಸಾಹೇಬರು ಹೇಳಿಕೊಟ್ಟ ಹಾಗೇ ಸೋಸಿ, ಅವರಿಗೆ ಕೊಟ್ಟಳು. ಅವರು ನಿಂತಲ್ಲೇ ಗಟಗಟ ಕುಡಿದರು.

"ಈಗ ಸೇರ್ದಿವಿ ನೋಡು," ಎಂದಳು ಆಯಿ ನನ್ನ ಕಡೆ ತಿರುಗಿ. ಹಿಂದಿನ ವರ್ಷದ ಮಾತನ್ನು ಅವಳು ಅಲ್ಲಿಗೆ ಮುಗಿಸಿದಳು.

ಆಮೇಲೆ ಸಾಹೇಬರು ಮಾರುತಿಯ ಹೆಂಡತಿಯನ್ನು ಕರೆದು, ನೀನೂ ಸೇದಮ್ಮ, ರಾಟೆ ಎಲ್ಲರದು ಎಂದರು. ಅವಳು ಎಲ್ಲರ ಮುಖ ನೋಡಿದಳು. ಆಮೇಲೆ ಹಗ್ಗ ಹಿಡಿದಳು. ಎಲ್ಲರಿಗೂ ಅದು ಸರಿ ಬಂತು ಎಂದು ನಾನು ಸುಳ್ಳು ಬರೆಯಲಾರೆ. ಕೆಲವು ಮನೆಯವರು ಸೊಂಟ ಬಿದ್ದರೂ ಸರಿ ಎಂದು ಬಹಳ ದಿನ ಗುಡಿ ಬಾವಿಗೇ ಹೋದರು. ಆಯಿ ಹೋಗಲಿಲ್ಲ. ಜಾತಿ ಎಣಿಸದ ಬಸವಣ್ಣನನ್ನು ನಂಬಿದವಳು ಎಂದು ಹೋಗಲಿಲ್ಲವೋ, ತಮ್ಮನನ್ನು ಬಿಟ್ಟು ಹೋಗಲಾಗದೆ ಹೋಗಲಿಲ್ಲವೋ, ನಾನು ಕೇಳಲಿಲ್ಲ. ಎರಡನೆಯದೇ ಇರಬೇಕು ಎಂದು ನನಗೆ ಅನುಮಾನ. ಇರಲಿ, ಮಾರುತಿಯ ಹೆಂಡತಿಯ ಕೊಡವಂತೂ ತುಂಬಿತು.

ನಮ್ಮ ಮನೆಯಲ್ಲಿ ಮತ್ತೆ ಯಾರಿಗೂ ಹುಣ್ಣಾಗಲಿಲ್ಲ. ಪಂಚಮಿಗೆ ಆಯಿ ಕಟ್ಟೆಯ ಮೇಲಿಂದಲೇ ಅರಳು ಬಿಡುತ್ತಿದ್ದಳು, ಅದು ಗಾಳಿಗೆ ಹಾರಿ ಅರ್ಧ ಅವಳ ತಲೆಯ ಮೇಲೇ ಬೀಳುತ್ತಿತ್ತು. ನಾನು ಅವಳ ಪಕ್ಕ ನಿಂತು ಬಗ್ಗುತ್ತಿದ್ದೆ. ಆ ಬಗ್ಗುವುದು ಬೆನ್ನಿನಲ್ಲೇ ಉಳಿದುಬಿಟ್ಟಿತು. ಮದುವೆಯಾಯಿತು, ಔರಾದಿನ ಸಾಲಿಯಲ್ಲಿ ಟೀಚರಾದೆ, ನಿವೃತ್ತಳಾಗಿ ನೌಬಾದಕ್ಕೆ ಬಂದೆ, ನಳದ ನೀರು ಬಂತು, ಫಿಲ್ಟರು ಬಂತು. ಬೆನ್ನಿಗೆ ಇದ್ಯಾವುದೂ ತಿಳಿಯಲಿಲ್ಲ.

ಭಾತಂಬ್ರಾದ ಮನೆಯಲ್ಲಿ ಈಗ ನನ್ನ ತಮ್ಮನ ಸೊಸೆ ಇದ್ದಾಳೆ. ಈ ಬೇಸಿಗೆ ಅವಳ ಫೋನು ಬಂತು. ಓಣಿಯ ಬೋರು ಬತ್ತಿತ್ತಂತೆ. ಎಲ್ಲರೂ ಸೇರಿ ಹಳೇ ಬಾವಿಯ ಕಬ್ಬಿಣದ ಜಾಳಿಗೆ ತೆಗೆದು ಹೂಳು ಎತ್ತಿಸಿದರಂತೆ, ಎಕಂಬಾಕ್ಕೆ ಹೇಳಿ ಕಳಿಸಿದ್ದಕ್ಕೆ ಟ್ರ್ಯಾಕ್ಟರಿನಲ್ಲಿ ಜನ ಬಂದಿದ್ದರಂತೆ. ಮಾತು ಎಷ್ಟೋ ಇತ್ತು. ಸುನೀತಾ ಲೋಟದಲ್ಲಿ ನೀರು ತಂದು ಮುಂದಿಟ್ಟಿದ್ದಳು, ನಾನು ಮುಟ್ಟಿರಲಿಲ್ಲ.

"ಅದೆಲ್ಲಾ ಇರಲಿ," ಎಂದೆ. "ಮುಂಜಾನಿ ನೋಡ್ದಿ ಏನ?"

ಆ ಕಡೆ ಅವಳು ನಕ್ಕಳು. "ನೋಡ್ದೆರಿ ಅತ್ತಿ. ಬರೂತನಾ ಯಾರೂ ಕೊಡ ಬಿಟ್ಟಿಲ್ಲ. ಬಂತ್ರಿ. ಹಿಂದ ಎಕಂಬಾದವ್ರು ತಂದು ಬಿಟ್ಟ ಸಣ್ಣದೂ ಬಂತು."

ನಾನು ಲೋಟದೊಳಗೆ ನೋಡದೆ ನೀರು ಕುಡಿದೆ.